ಅದೇ ಔಷಧ, ಅದೇ ರಿಸೆಪ್ಟರ್: ಒಂದು ಕಡೆ ಚುರುಕು, ಇನ್ನೊಂದು ಕಡೆ ತಡೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಪ್ರೆನಾಲ್ಟೆರಾಲ್ ಅಂತ ಒಂದು ಔಷಧ ಇದೆ. ಸೋತ ಹೃದಯಕ್ಕೆ ಬಲ ಕೊಡಲಿ ಅಂತ ಸ್ವೀಡನ್ನಿನಲ್ಲಿ ತಯಾರಾದದ್ದು. ಕೆಲವು ದಿನ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನ್, ಕೊಟ್ಟ ಗಿನಿ ಪಿಗ್‌ನ ಬಲ ಹೃತ್ಕರ್ಣದ ಮೇಲೆ ಇದನ್ನು ಹಾಕಿ ನೋಡಿದರೆ, ಅದು ಐಸೊಪ್ರಿನಲಿನ್‌ಗೆ ಹತ್ತಿರ ಹತ್ತಿರ ಕೆಲಸ ಮಾಡುತ್ತದೆ. ರಿಸೆಪ್ಟರ್ ಅಂದರೆ ಔಷಧ ಹೋಗಿ ಅಂಟಿಕೊಳ್ಳುವ, ಜೀವಕೋಶದ ಪ್ರೋಟೀನ್; ಐಸೊಪ್ರಿನಲಿನ್ ಇಲ್ಲಿನ ರಿಸೆಪ್ಟರ್‌ಗಳ ಮಟ್ಟಿಗೆ ಪೂರ್ತಿ ಶಕ್ತಿಯ ಔಷಧ, ನಾವೆಲ್ಲ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು. ಅದೇ ಪ್ರೆನಾಲ್ಟೆರಾಲ್ ಅನ್ನು ಮಾಮೂಲಿ ಗಿನಿ ಪಿಗ್‌ನ ಎಡ ಹೃತ್ಕರ್ಣಕ್ಕೆ ಹಾಕಿದರೆ ಪ್ರತಿಕ್ರಿಯೆ ಬಹಳ ಕಡಿಮೆ. ಅದೇ ಪ್ರಾಣಿಯ ಕಾಲಿನ ಒಂದು ಸ್ನಾಯುವಿಗೆ ಹಾಕಿದರೆ ಏನೂ ಆಗುವುದಿಲ್ಲ. ಏನೂ ಆಗಲಿಲ್ಲ ಅಂದಮಾತ್ರಕ್ಕೆ ಔಷಧ ಅಲ್ಲಿ ಹೋಗಿ ಕೂತಿಲ್ಲ ಅಂತ ಅಲ್ಲ. ಯಾಕೆಂದರೆ ಅದರ ಮೇಲೆ ಐಸೊಪ್ರಿನಲಿನ್ ಹಾಕಿದಾಗ ಐಸೊಪ್ರಿನಲಿನ್‌ನ ಕೆಲಸ ಕುಂಠಿತವಾಗುತ್ತದೆ. ಅಂದರೆ ಪ್ರೆನಾಲ್ಟೆರಾಲ್ ರಿಸೆಪ್ಟರ್ ಹಿಡಿದು ಕೂತಿದೆ, ಜಾಗ ಬಿಡುತ್ತಿಲ್ಲ.

ಒಂದು ಕಡೆ ಚುರುಕು ಮಾಡುವ ಔಷಧ, ಇನ್ನೊಂದು ಕಡೆ ತಡೆಯುವ ಔಷಧ. ಬಾಟಲಿ ಒಂದೇ. ಇದು ಹೇಗೆ ಸಾಧ್ಯ ಅನ್ನುವುದೇ ಇವತ್ತಿನ ಮಾತು.

ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ. ಭಯವಾದಾಗ, ಓಡುವಾಗ, ನೋವಾದಾಗ ನಮ್ಮ ಮೈಯಲ್ಲಿ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಬಿಡುಗಡೆ ಆಗುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ಶ್ವಾಸನಾಳ ಸಡಿಲವಾಗುತ್ತದೆ, ಚರ್ಮದ ರಕ್ತನಾಳ ಬಿಗಿಯಾಗುತ್ತದೆ. ಒಂದೇ ರಾಸಾಯನಿಕ ಒಂದು ಕಡೆ ಬಿಗಿ ಮಾಡಿ ಇನ್ನೊಂದು ಕಡೆ ಸಡಿಲ ಮಾಡುವುದು ಹೇಗೆ ಅಂತ ಬಹಳ ಕಾಲ ತಲೆ ಕೆಡಿಸಿಕೊಂಡಿದ್ದರು. 1948ರಲ್ಲಿ ರೇಮಂಡ್ ಆಲ್‌ಕ್ವಿಸ್ಟ್ ಬೇರೆ ಬೇರೆ ಅಂಗಾಂಶಗಳ ಮೇಲೆ ಇದೇ ಜಾತಿಯ ಕೆಲವು ರಾಸಾಯನಿಕಗಳನ್ನು ಹಾಕಿ, ಯಾವುದು ಎಲ್ಲಿ ಜಾಸ್ತಿ ಪರಿಣಾಮಕಾರಿ ಅಂತ ಸಾಲಾಗಿ ಜೋಡಿಸಿದರು. ನೋಡಿದರೆ ಎರಡೇ ಬಗೆಯ ಸಾಲು. ಒಂದಕ್ಕೆ ಆಲ್ಫಾ, ಇನ್ನೊಂದಕ್ಕೆ ಬೀಟಾ ಅಂತ ಹೆಸರಿಟ್ಟರು. 1967ರಲ್ಲಿ ಲ್ಯಾಂಡ್ಸ್ ಮತ್ತು ಸಂಗಡಿಗರು ಬೀಟಾವನ್ನು ಮತ್ತೆ ಎರಡು ಮಾಡಿದರು: ಹೃದಯದಲ್ಲಿ ಹೆಚ್ಚಾಗಿ ಬೀಟಾ-1, ಶ್ವಾಸನಾಳದಲ್ಲಿ ಬೀಟಾ-2. ಆಲ್ಫಾದಲ್ಲೂ 1 ಮತ್ತು 2 ಇವೆ. ಇವತ್ತಿಗೆ ಇಷ್ಟು ಸಾಕು.

ಈಗ ಮುಖ್ಯವಾದ ಮಾತು. ಔಷಧ ರಿಸೆಪ್ಟರ್‌ಗೆ ಅಂಟಿಕೊಳ್ಳುವುದು ಒಂದು ಗುಣ. ಅಂಟಿಕೊಂಡ ಮೇಲೆ ಆ ರಿಸೆಪ್ಟರ್ ಅನ್ನು ಎಬ್ಬಿಸುವುದು ಬೇರೆಯೇ ಗುಣ. ಮೊದಮೊದಲು ಇವೆರಡನ್ನೂ ಒಂದೇ ಅಂತ ಭಾವಿಸಿದ್ದರು. ಎಷ್ಟು ರಿಸೆಪ್ಟರ್ ತುಂಬಿತೋ ಅಷ್ಟು ಪರಿಣಾಮ, ಅರ್ಧ ತುಂಬಿದರೆ ಅರ್ಧ ಪರಿಣಾಮ ಅಂತ ಲೆಕ್ಕ. 1954ರಲ್ಲಿ ಏರಿಯನ್ಸ್, 1956ರಲ್ಲಿ ಸ್ಟೀಫನ್‌ಸನ್ ಈ ಲೆಕ್ಕ ಸರಿ ಇಲ್ಲ ಅಂತ ತೋರಿಸಿದರು. ಕೆಲವು ಔಷಧಗಳು ಎಲ್ಲ ರಿಸೆಪ್ಟರ್‌ಗಳನ್ನೂ ತುಂಬಿದರೂ ಪೂರ್ತಿ ಪರಿಣಾಮ ಕೊಡುವುದಿಲ್ಲ. ಇನ್ನು ಕೆಲವು, ಬೆರಳೆಣಿಕೆಯಷ್ಟು ರಿಸೆಪ್ಟರ್ ತುಂಬಿದರೆ ಸಾಕು, ಪೂರ್ತಿ ಪರಿಣಾಮ ಕೊಟ್ಟುಬಿಡುತ್ತವೆ. ಈ ಎಬ್ಬಿಸುವ ಶಕ್ತಿಗೆ ಸ್ಟೀಫನ್‌ಸನ್ ಕೊಟ್ಟ ಹೆಸರು ಎಫಿಕಸಿ. ರಿಸೆಪ್ಟರ್ ಎಬ್ಬಿಸುವ ಔಷಧಕ್ಕೆ ಅಗೋನಿಸ್ಟ್ ಅನ್ನುತ್ತಾರೆ. ಎಬ್ಬಿಸುವ ಶಕ್ತಿ ಇದೆ ಆದರೆ ಕಡಿಮೆ ಇದೆ, ಅಂಥದ್ದು ಪಾರ್ಷಿಯಲ್ ಅಗೋನಿಸ್ಟ್.

ಪಠ್ಯಪುಸ್ತಕದಲ್ಲಿ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ: ಪಾರ್ಷಿಯಲ್ ಅಗೋನಿಸ್ಟ್ ಅಂದರೆ ಗರಿಷ್ಠ ಪರಿಣಾಮಕ್ಕಿಂತ ಕಡಿಮೆ ಕೊಡುವ ಔಷಧ. ವಿದ್ಯಾರ್ಥಿಗಳು ಅದನ್ನು ಔಷಧದ ಬಣ್ಣ ಅಥವಾ ತೂಕದ ಹಾಗೆ ಅದರದ್ದೇ ಸ್ವಂತ ಗುಣ ಅಂತ ಬರೆದುಕೊಳ್ಳುತ್ತಾರೆ. ನನ್ನ ತಕರಾರು ಇಲ್ಲೇ. ಆ ಸಾಲಿನಲ್ಲಿ ಅರ್ಧ ಮಾತು ಬಿಟ್ಟುಹೋಗಿದೆ. ಯಾವ ಅಂಗಾಂಶದಲ್ಲಿ, ಯಾವ ಪ್ರಾಣಿಯಲ್ಲಿ, ಆ ಅಂಗಾಂಶ ಯಾವ ಸ್ಥಿತಿಯಲ್ಲಿ ಇದ್ದಾಗ ಅಂತ ಹೇಳದೆ ಒಂದು ಔಷಧವನ್ನು ಪಾರ್ಷಿಯಲ್ ಅಗೋನಿಸ್ಟ್ ಅಂತ ಕರೆದರೆ ಅದರಿಂದ ನಮಗೆ ಹೆಚ್ಚೇನೂ ತಿಳಿಯುವುದಿಲ್ಲ.

ಪ್ರಯೋಗ ನೋಡದೆ ಇದು ಮನಸ್ಸಿಗೆ ಇಳಿಯುವುದು ಕಷ್ಟ. ಹಾಗಾಗಿ ಸ್ವಲ್ಪ ಹತ್ತಿರ ಹೋಗೋಣ.

ಗಿನಿ ಪಿಗ್‌ನ ಹೃದಯದಿಂದ ಎಡ ಹೃತ್ಕರ್ಣವನ್ನು ಬಿಡಿಸಿ ತೆಗೆಯುತ್ತಾರೆ. ಉಗುರಿನಷ್ಟು ತೆಳ್ಳಗಿನ ತುಂಡು. ಅದರ ಎರಡು ತುದಿಗೆ ದಾರ ಕಟ್ಟಿ, ಒಂದು ತುದಿಯನ್ನು ಕೆಳಗೆ ಗಾಜಿನ ಕೊಕ್ಕೆಗೂ ಇನ್ನೊಂದನ್ನು ಮೇಲೆ ಬಲ ಅಳೆಯುವ ಟ್ರಾನ್ಸ್‌ಡ್ಯೂಸರ್‌ಗೂ ಸಿಕ್ಕಿಸುತ್ತಾರೆ. ಸುತ್ತ ಎರಡು ಗೋಡೆಯ ಗಾಜಿನ ಪಾತ್ರೆ. ಗೋಡೆಗಳ ನಡುವೆ ಬಿಸಿನೀರು ಹರಿಯುತ್ತಿರುತ್ತದೆ, ಒಳಗೆ ಕ್ರೆಬ್ಸ್ ದ್ರಾವಣ ಇರುತ್ತದೆ. ಕ್ರೆಬ್ಸ್ ಅಂದರೆ ಲವಣಗಳು ಮತ್ತು ಗ್ಲೂಕೋಸ್, ರಕ್ತದ ನೀರಿನಂಶಕ್ಕೆ ಹೊಂದುವ ಹಾಗೆ ಬೆರೆಸಿದ್ದು. ಅದರೊಳಗೆ 95 ಭಾಗ ಆಮ್ಲಜನಕ, 5 ಭಾಗ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಏಳುತ್ತಲೇ ಇರಬೇಕು. ಗ್ಯಾಸ್ ನಿಂತರೆ ಸ್ನಾಯುವಿನ ಬಲ ಕುಸಿಯುತ್ತಾ ಹೋಗುತ್ತದೆ. ಬಲ ಹೃತ್ಕರ್ಣವಾದರೆ ತನ್ನಷ್ಟಕ್ಕೆ ಬಡಿಯುತ್ತದೆ, ಯಾಕೆಂದರೆ ಬಡಿತ ಹುಟ್ಟುವ ಜಾಗ ಅದರಲ್ಲೇ ಇದೆ. ಎಡದ್ದಕ್ಕೆ ಅದಿಲ್ಲ, ವಿದ್ಯುತ್ತಿನ ಸಣ್ಣ ಮಿಡಿತ ಕೊಡಬೇಕು. ಹೀಗೆ ವೇಗ ನಮ್ಮ ಕೈಯಲ್ಲಿರುವುದರಿಂದ ಬಲ ಎಷ್ಟು ಹೆಚ್ಚಾಯಿತು ಅನ್ನುವುದನ್ನಷ್ಟೇ ಅಳೆಯಬಹುದು.

ಇನ್ನು ಔಷಧ ಹಾಕುವುದು. ಕಣ್ಣಿಗೆ ಕಾಣದಷ್ಟು ಕಡಿಮೆಯಿಂದ ಶುರು ಮಾಡಿ, 1, 3, 10, 30, 100 ಹೀಗೆ ಪ್ರಮಾಣವನ್ನು ಸುಮಾರು ಮೂರು ಪಟ್ಟು ಏರಿಸುತ್ತಾ ಹೋಗುತ್ತಾರೆ, ಪ್ರತಿ ಸಲ ಪರಿಣಾಮ ಒಂದು ಮಟ್ಟಕ್ಕೆ ಬಂದು ನಿಲ್ಲುವ ತನಕ ಕಾಯುತ್ತಾರೆ. ಐಸೊಪ್ರಿನಲಿನ್ ಹಾಕಿದರೆ ಪ್ರತಿ ಮಿಡಿತದ ಗೆರೆ ಮೇಲೆ ಮೇಲೆ ಏರಿ, ಇನ್ನು ಎಷ್ಟು ಹಾಕಿದರೂ ಏರದ ಹಂತಕ್ಕೆ ಬರುತ್ತದೆ. ಪ್ರೆನಾಲ್ಟೆರಾಲ್ ಹಾಕಿದರೆ ಗೆರೆ ಸ್ವಲ್ಪ ಏರಿ ಅಲ್ಲೇ ನಿಂತುಬಿಡುತ್ತದೆ. ಅದು ನಿಂತ ಮೇಲೆ ಐಸೊಪ್ರಿನಲಿನ್ ಹಾಕಿದರೆ? ಮೊದಲು ಕೆಲಸ ಮಾಡುತ್ತಿದ್ದ ಪ್ರಮಾಣಕ್ಕೆ ಈಗ ಅಲುಗುವುದೇ ಇಲ್ಲ, ಹತ್ತಾರು ಪಟ್ಟು ಜಾಸ್ತಿ ಬೇಕು. ಅದೇ ಬೇರೊಂದು ಪ್ರಯೋಗದಲ್ಲಿ ಮೊದಲು ಐಸೊಪ್ರಿನಲಿನ್‌ನಿಂದ ಬಲವನ್ನು ಪೂರ್ತಿ ಏರಿಸಿ ಆಮೇಲೆ ಪ್ರೆನಾಲ್ಟೆರಾಲ್ ಸುರಿದರೆ, ಬಲ ಇಳಿಯಲು ಶುರುವಾಗುತ್ತದೆ. ಸೊನ್ನೆಗೆ ಇಳಿಯುವುದಿಲ್ಲ. ಪ್ರೆನಾಲ್ಟೆರಾಲ್ ತಾನೊಂದೇ ಇದ್ದಾಗ ಎಷ್ಟು ಕೊಡುತ್ತಿತ್ತೋ ಆ ಮಟ್ಟದ ಕಡೆಗೆ ಇಳಿಯುತ್ತದೆ. ಕೆಳಗಿನಿಂದ ಬಂದರೂ ಮೇಲಿನಿಂದ ಬಂದರೂ ಗೆರೆ ಅದೇ ಎತ್ತರದ ಕಡೆಗೆ ಸಾಗುವುದನ್ನು ಒಮ್ಮೆ ಕಣ್ಣಾರೆ ನೋಡಿದರೆ ಪಾರ್ಷಿಯಲ್ ಅಗೋನಿಸ್ಟ್ ಅಂದರೆ ಏನು ಅಂತ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಐಸೊಪ್ರಿನಲಿನ್, ಅಡ್ರಿನಲಿನ್ ದ್ರಾವಣ ಗಾಳಿಗೆ ಕೆಡುತ್ತದೆ, ನಸುಗೆಂಪಾಗುತ್ತಾ ಬರುತ್ತದೆ. ಅದಕ್ಕೇ ಸ್ವಲ್ಪ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಬೆರೆಸುವುದು. ನರದ ತುದಿಗಳು ನಾರ್‌ಅಡ್ರಿನಲಿನ್ ಅನ್ನು ಹೀರಿಕೊಂಡುಬಿಡುತ್ತವೆ, ಆಗ ರಿಸೆಪ್ಟರ್ ಹತ್ತಿರ ಇರುವ ಪ್ರಮಾಣ ನಾವು ಹಾಕಿದ್ದಕ್ಕಿಂತ ಕಡಿಮೆ. ಅದನ್ನು ತಡೆಯದೆ ಎರಡು ಅಂಗಾಂಶಗಳನ್ನು ಹೋಲಿಸಿದರೆ ಉತ್ತರ ತಪ್ಪುತ್ತದೆ. ರಾಬರ್ಟ್ ಫರ್ಚ್‌ಗಾಟ್ ಈ ಎಚ್ಚರಿಕೆಗಳನ್ನೆಲ್ಲ ಕ್ರಮವಾಗಿ ಬರೆದಿಟ್ಟವರು. 1998ರಲ್ಲಿ ಅವರಿಗೆ ನೊಬೆಲ್ ಬಂದದ್ದು ನೈಟ್ರಿಕ್ ಆಕ್ಸೈಡ್ ಕೆಲಸಕ್ಕೆ, ಆದರೆ ರಿಸೆಪ್ಟರ್ ಲೆಕ್ಕಾಚಾರದಲ್ಲಿ ಅವರು ಹಾಕಿಕೊಟ್ಟ ಶಿಸ್ತು ನನಗೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಸರಿ, ಒಂದೇ ಔಷಧ ಬೇರೆ ಬೇರೆ ಅಂಗಾಂಶದಲ್ಲಿ ಯಾಕೆ ಬೇರೆ ಬೇರೆ ಎತ್ತರಕ್ಕೆ ನಿಲ್ಲುತ್ತದೆ?

ಬೀಟಾ ರಿಸೆಪ್ಟರ್ ಎದ್ದಾಗ ಅದು ಜಿಎಸ್ ಅನ್ನುವ ಪ್ರೋಟೀನನ್ನು ಎಬ್ಬಿಸುತ್ತದೆ. ಅದು ಅಡೆನಿಲಿಲ್ ಸೈಕ್ಲೇಸ್ ಅನ್ನುವ ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಸೈಕ್ಲಿಕ್ ಎಎಂಪಿ ತಯಾರಿಸುತ್ತದೆ. ಸೈಕ್ಲಿಕ್ ಎಎಂಪಿ ಇನ್ನೊಂದು ಕಿಣ್ವವನ್ನು ಎಬ್ಬಿಸಿ, ಅದು ಹೃದಯದ ಜೀವಕೋಶದಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲುಗಳನ್ನು ಹೆಚ್ಚು ತೆರೆಯುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಹೆಚ್ಚಾದರೆ ಸಂಕೋಚನದ ಬಲ ಹೆಚ್ಚು. ಪ್ರತಿ ಮೆಟ್ಟಿಲಿನಲ್ಲೂ ಸಂದೇಶ ದೊಡ್ಡದಾಗುತ್ತಾ ಹೋಗುತ್ತದೆ. ಎದ್ದ ಒಂದು ಕಿಣ್ವ ಸೈಕ್ಲಿಕ್ ಎಎಂಪಿಯ ಕಣಗಳನ್ನು ಒಂದಾದ ಮೇಲೊಂದು ತಯಾರಿಸುತ್ತಲೇ ಇರುತ್ತದೆ ಅಲ್ವಾ.

ನಾನೀಗ ಮೈಕ್ ಮುಂದೆ ನಿಂತಿದ್ದೇನೆ. ಧ್ವನಿ ನನ್ನದು, ಆದರೆ ಹಿಂದಿನ ಸಾಲಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದು ಆಂಪ್ಲಿಫೈಯರ್ ಕೈಯಲ್ಲಿದೆ. ಅದನ್ನು ಪೂರ್ತಿ ಏರಿಸಿಟ್ಟರೆ ನಾನು ಪಿಸುಗುಟ್ಟಿದರೂ ಸ್ಪೀಕರ್ ತನ್ನ ಗರಿಷ್ಠಕ್ಕೆ ಹೋಗುತ್ತದೆ, ಕೂಗಿದರೂ ಅಷ್ಟೇ, ಪಿಸುಮಾತಿಗೂ ಕೂಗಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಇಳಿಸಿಟ್ಟರೆ ಕೂಗು ಮಾತ್ರ ಕೇಳುತ್ತದೆ. ಪಾರ್ಷಿಯಲ್ ಅಗೋನಿಸ್ಟ್ ಪಿಸುಮಾತು. ಅಂಗಾಂಶ ಆಂಪ್ಲಿಫೈಯರ್.

ಇದನ್ನೇ ಅಂಕಿಯಲ್ಲಿ ಹೇಳುತ್ತೇನೆ. 1983ರಲ್ಲಿ ಜೇಮ್ಸ್ ಬ್ಲ್ಯಾಕ್ ಮತ್ತು ಪಾಲ್ ಲೆಫ್ ಒಂದು ಸರಳ ಲೆಕ್ಕ ಕೊಟ್ಟರು. ಔಷಧದ ಎಬ್ಬಿಸುವ ಶಕ್ತಿ, ರಿಸೆಪ್ಟರ್‌ಗಳ ಸಂಖ್ಯೆ, ಅಂಗಾಂಶದ ಒಳಗಿನ ಜೋಡಣೆ, ಇಷ್ಟನ್ನೂ ಸೇರಿಸಿ ಟೌ ಅಂತ ಒಂದು ಸಂಖ್ಯೆ ಮಾಡಿದರು. ಅದರ ಅತ್ಯಂತ ಸರಳ ರೂಪದಲ್ಲಿ, ಔಷಧವನ್ನು ಎಷ್ಟು ಬೇಕಾದರೂ ಹಾಕಿ, ಸಿಗುವ ಗರಿಷ್ಠ ಪರಿಣಾಮ ಅಂದರೆ ಟೌ ಅನ್ನು ಟೌ ಮತ್ತು 1ರ ಮೊತ್ತದಿಂದ ಭಾಗಿಸಿದ್ದು. ಎರಡು ಔಷಧ ತೆಗೆದುಕೊಳ್ಳಿ, ಒಂದರ ಎಬ್ಬಿಸುವ ಶಕ್ತಿ ಇನ್ನೊಂದಕ್ಕಿಂತ 20 ಪಟ್ಟು ಜಾಸ್ತಿ. ಮೊದಲ ಅಂಗಾಂಶದಲ್ಲಿ ದೊಡ್ಡದರ ಟೌ 100, ಚಿಕ್ಕದರದ್ದು 5. ಲೆಕ್ಕ ಹಾಕಿದರೆ ದೊಡ್ಡದು ಶೇ. 99 ಪರಿಣಾಮ ಕೊಡುತ್ತದೆ, ಚಿಕ್ಕದು ಶೇ. 83. ಅಷ್ಟೇನೂ ವ್ಯತ್ಯಾಸ ಇಲ್ಲ. ಎರಡನೇ ಅಂಗಾಂಶದಲ್ಲಿ ರಿಸೆಪ್ಟರ್ ಹತ್ತನೇ ಒಂದು ಭಾಗ ಅಂತಿಟ್ಟುಕೊಳ್ಳಿ, ಟೌ 10 ಮತ್ತು 0.5 ಆಗುತ್ತದೆ. ಈಗ ದೊಡ್ಡದು ಶೇ. 91, ಚಿಕ್ಕದು ಶೇ. 33. ಮೂರನೆಯದರಲ್ಲಿ ಟೌ 2 ಮತ್ತು 0.1. ದೊಡ್ಡದು ಇನ್ನೂ ಶೇ. 67 ಕೊಡುತ್ತಿದೆ, ಚಿಕ್ಕದು ಶೇ. 9ಕ್ಕೆ ಬಂತು. ಔಷಧಗಳ ನಡುವಿನ ಅನುಪಾತ ಮೂರೂ ಕಡೆ 20ಕ್ಕೆ 1, ಅದು ಬದಲಾಗಲೇ ಇಲ್ಲ. ಬದಲಾದದ್ದು ಅಂಗಾಂಶ ಮಾತ್ರ. ಮೂರನೇ ಅಂಗಾಂಶವನ್ನಷ್ಟೇ ನೋಡಿದವರು ಚಿಕ್ಕ ಔಷಧವನ್ನು ತಡೆಗಾರ ಅಂತ ಬರೆಯುತ್ತಾರೆ, ಮೊದಲನೆಯದನ್ನಷ್ಟೇ ನೋಡಿದವರು ಹೆಚ್ಚುಕಮ್ಮಿ ಪೂರ್ತಿ ಅಗೋನಿಸ್ಟ್ ಅಂತ ಬರೆಯುತ್ತಾರೆ. ಇಬ್ಬರ ಪ್ರಯೋಗವೂ ಸರಿ.

ಈಗ ಪ್ರೆನಾಲ್ಟೆರಾಲ್‌ಗೆ ವಾಪಸ್. ಅದನ್ನು ಹೃದಯಕ್ಕೆ ಮಾತ್ರ ಕೆಲಸ ಮಾಡುವ ಬೀಟಾ-1 ಔಷಧ ಅಂತ ಹೇಳುತ್ತಿದ್ದರು. ಹೃದಯದಲ್ಲಿ ಪರಿಣಾಮ ಕಾಣುತ್ತಿತ್ತು, ಬೇರೆ ಕಡೆ ಕಾಣುತ್ತಿರಲಿಲ್ಲ, ಹಾಗಾಗಿ ಹೃದಯದ ರಿಸೆಪ್ಟರ್ ಅನ್ನು ಮಾತ್ರ ಹಿಡಿಯುತ್ತದೆ ಅನ್ನುವುದು ಸಹಜವಾದ ತೀರ್ಮಾನ. 1980ರಲ್ಲಿ ಟೆರ್ರಿ ಕೆನಾಕಿನ್ ಮತ್ತು ಬೀಕ್ ಅನ್ನುವ ಇಬ್ಬರು ಇದು ನಿಜವಾ ಅಂತ ನೇರವಾಗಿ ಕೇಳಿದರು. ಗಿನಿ ಪಿಗ್, ಇಲಿ, ಬೆಕ್ಕು, ನಾಯಿ, ಹೀಗೆ ಬೇರೆ ಬೇರೆ ಪ್ರಾಣಿಗಳ ಅಂಗಾಂಶ ತೆಗೆದುಕೊಂಡು ಪ್ರತಿಯೊಂದರಲ್ಲೂ ಐಸೊಪ್ರಿನಲಿನ್ ಜೊತೆ ಹೋಲಿಸಿದರು. ಹೃದಯದ ಅಂಗಾಂಶಗಳಲ್ಲೇ ಒಂದೊಂದು ಒಂದೊಂದು ಎತ್ತರ. ಅದಕ್ಕಿಂತ ಮುಖ್ಯವಾದದ್ದು, ನಾಯಿಯ ಕೊರೊನರಿ ರಕ್ತನಾಳ, ಅಂದರೆ ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳ. ಅಲ್ಲಿರುವುದು ಹೃದಯದ ಸ್ನಾಯುವಿನಲ್ಲಿರುವ ಹಾಗೆ ಬೀಟಾ-1. ಬೀಟಾ-1 ಅನ್ನೇ ಆರಿಸಿಕೊಳ್ಳುವ ಔಷಧವಾಗಿದ್ದರೆ ಅಲ್ಲಿ ಕೆಲಸ ಮಾಡಬೇಕಿತ್ತು. ಮಾಡಲಿಲ್ಲ, ಬದಲಿಗೆ ಐಸೊಪ್ರಿನಲಿನ್‌ಗೆ ಅಡ್ಡ ನಿಂತಿತು. ಹಾಗಾದರೆ ಹೃದಯದ ಮೇಲಿನ ಒಲವು ಬಂದದ್ದು ರಿಸೆಪ್ಟರ್ ಆಯ್ಕೆಯಿಂದಲ್ಲ, ಹೃದಯದ ಅಂಗಾಂಶದಲ್ಲಿ ರಿಸೆಪ್ಟರ್‌ಗೂ ಪರಿಣಾಮಕ್ಕೂ ನಡುವಿನ ಜೋಡಣೆ ಗಟ್ಟಿಯಾಗಿರುವುದರಿಂದ. ನನಗೆ ಇದು ಈ ಕ್ಷೇತ್ರದ ಅತ್ಯಂತ ಸ್ವಚ್ಛ ಪ್ರಯೋಗಗಳಲ್ಲಿ ಒಂದು. ಯಾವ ಹೊಸ ಯಂತ್ರವೂ ಬೇಕಾಗಲಿಲ್ಲ, ಒಂದೇ ಪ್ರಶ್ನೆಯನ್ನು ಸಾಕಷ್ಟು ಅಂಗಾಂಶಗಳ ಮುಂದೆ ಇಟ್ಟರು ಅಷ್ಟೇ.

ಥೈರಾಕ್ಸಿನ್ ಕೊಟ್ಟ ಪ್ರಾಣಿಯಲ್ಲಿ ಯಾಕೆ ಜಾಸ್ತಿ ಅಂತ ಈಗ ನಿಮಗೇ ಹೊಳೆದಿರಬಹುದು. ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ಹೃದಯದಲ್ಲಿ ಬೀಟಾ ರಿಸೆಪ್ಟರ್‌ಗಳ ಸಂಖ್ಯೆ ಹೆಚ್ಚುತ್ತದೆ, ಅಂದರೆ ಟೌ ಏರುತ್ತದೆ.

ಇದರ ಉಲ್ಟಾ ಮಾಡಿಯೂ ನೋಡಬಹುದು. ಫಿನಾಕ್ಸಿಬೆನ್ಝಮೀನ್ ಅನ್ನುವ ರಾಸಾಯನಿಕ ಆಲ್ಫಾ ರಿಸೆಪ್ಟರ್‌ಗೆ ಅಂಟಿದರೆ ಮತ್ತೆ ಬಿಡುವುದಿಲ್ಲ, ಎಷ್ಟು ತೊಳೆದರೂ ಹೋಗುವುದಿಲ್ಲ. ಮೊಲದ ಅಯೋರ್ಟಾ, ಅಂದರೆ ಮಹಾ ಅಪಧಮನಿಯ ತುಂಡಿಗೆ ಇದನ್ನು ಸ್ವಲ್ಪ ಹೊತ್ತು ಹಾಕಿ ತೊಳೆದರೆ, ಒಂದಷ್ಟು ರಿಸೆಪ್ಟರ್ ಶಾಶ್ವತವಾಗಿ ನಿಕಾಲೆ ಆದ ಹಾಗೆ. ಆಮೇಲೆ ಪೂರ್ತಿ ಅಗೋನಿಸ್ಟ್ ಆದ ಅಡ್ರಿನಲಿನ್ ಹಾಕಿದರೆ, ಸ್ವಲ್ಪ ಜಾಸ್ತಿ ಪ್ರಮಾಣ ಬೇಕಾಗುತ್ತದೆ, ಆದರೆ ಗರಿಷ್ಠ ಬಿಗಿತಕ್ಕೆ ಹತ್ತಿರ ಬಂದೇ ಬರುತ್ತದೆ. ರಿಸೆಪ್ಟರ್‌ಗಳ ಒಂದು ಭಾಗ ಮೊದಲಿನಿಂದಲೂ ಹೆಚ್ಚುವರಿಯಾಗಿ ಇದ್ದದ್ದರಿಂದ ಹೋದದ್ದು ಗೊತ್ತಾಗಲಿಲ್ಲ. ಪಾರ್ಷಿಯಲ್ ಅಗೋನಿಸ್ಟ್‌ಗೆ ಆ ಅನುಕೂಲ ಇಲ್ಲ. ಅದಕ್ಕೆ ಇರುವ ರಿಸೆಪ್ಟರ್ ಎಲ್ಲ ಬೇಕು, ಹಾಗಾಗಿ ಸ್ವಲ್ಪ ಕಳೆದರೂ ಅದರ ಗರಿಷ್ಠ ಎತ್ತರವೇ ತಕ್ಷಣ ಕುಸಿಯುತ್ತದೆ.

ಇದು ಬರೀ ಗಾಜಿನ ಪಾತ್ರೆಯ ವಿಷಯ ಅಂತ ತಿಳಿಯಬೇಡಿ. 1982ರಲ್ಲಿ ಬ್ರಿಸ್ಟೋ ಮತ್ತು ಸಂಗಡಿಗರು ಸೋತ ಮನುಷ್ಯ ಹೃದಯಗಳಲ್ಲಿ ಬೀಟಾ ರಿಸೆಪ್ಟರ್ ಸುಮಾರು ಅರ್ಧಕ್ಕೆ ಇಳಿದಿರುತ್ತದೆ ಅಂತ ತೋರಿಸಿದರು. ಅಡ್ರಿನಲಿನ್‌ನ ಹೊಡೆತ ತಿಂಗಳುಗಟ್ಟಲೆ ಬಿದ್ದು ಬಿದ್ದು ಹೃದಯ ತನ್ನ ರಿಸೆಪ್ಟರ್‌ಗಳನ್ನೇ ಕಡಿಮೆ ಮಾಡಿಕೊಂಡಿರುತ್ತದೆ. ಈಗ ಯೋಚಿಸಿ. ಹೃದಯಕ್ಕೆ ಬಲ ಕೊಡಲಿ ಅಂತ ತಯಾರಿಸಿದ ಪಾರ್ಷಿಯಲ್ ಅಗೋನಿಸ್ಟ್ ರಿಸೆಪ್ಟರ್ ಸಾಕಷ್ಟಿರುವ ಪ್ರಾಣಿಯ ಹೃತ್ಕರ್ಣದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ನಿಜವಾಗಿ ಬೇಕಾದ ಹೃದಯದಲ್ಲಿ ಮಾತ್ರ ಅದಕ್ಕೆ ಬೇಕಾದಷ್ಟು ರಿಸೆಪ್ಟರ್ ಇಲ್ಲ. ಈ ಸಂಗತಿ ನನ್ನನ್ನು ಬಹಳ ಕಾಡಿದೆ.

ಝಾಮೊಟೆರಾಲ್ ಅನ್ನುವ ಇನ್ನೊಂದು ಬೀಟಾ-1 ಪಾರ್ಷಿಯಲ್ ಅಗೋನಿಸ್ಟ್‌ನ ಕಥೆ ಇಲ್ಲೇ ಹೇಳಬೇಕು. ಅದರ ಹಿಂದಿನ ಯೋಚನೆ ಚೆನ್ನಾಗಿತ್ತು. ವಿಶ್ರಾಂತಿಯಲ್ಲಿ ಅಡ್ರಿನಲಿನ್ ಕಡಿಮೆ ಇದ್ದಾಗ ಹೃದಯಕ್ಕೆ ಸ್ವಲ್ಪ ಆಸರೆ ಕೊಡುತ್ತದೆ, ಅಡ್ರಿನಲಿನ್ ಮಿತಿ ಮೀರಿದಾಗ ಅದನ್ನು ತಡೆದು ಹೃದಯವನ್ನು ಕಾಪಾಡುತ್ತದೆ. ಸೌಮ್ಯ ರೂಪದ ಹೃದಯ ವೈಫಲ್ಯದಲ್ಲಿ ರೋಗಿಗಳಿಗೆ ಹಿತವೂ ಆಯಿತು. ಆಮೇಲೆ ತೀವ್ರ ವೈಫಲ್ಯದ 516 ರೋಗಿಗಳಲ್ಲಿ ಪರೀಕ್ಷೆ ನಡೆಯಿತು, ಫಲಿತಾಂಶ 1990ರಲ್ಲಿ ಹೊರಬಂತು. 100 ದಿನದೊಳಗೆ ಝಾಮೊಟೆರಾಲ್ ತೆಗೆದುಕೊಂಡವರಲ್ಲಿ ಶೇ. 9.1 ಮಂದಿ ತೀರಿಕೊಂಡಿದ್ದರು, ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಶೇ. 3.7. ಚುರುಕು ಮಾಡುವ ಅರ್ಧ ಕೊಂದಿತೇ, ಅಥವಾ ಅಡ್ರಿನಲಿನ್ ಆಸರೆಯಲ್ಲೇ ನಿಂತಿದ್ದ ಹೃದಯದಿಂದ ಆ ಆಸರೆಯನ್ನು ಕಿತ್ತುಕೊಂಡ ತಡೆಯುವ ಅರ್ಧ ಕೊಂದಿತೇ? ಎರಡಕ್ಕೂ ವಾದ ಇದೆ. ಕಾಗದದ ಮೇಲೆ ಸಮತೋಲನ ಅಂತ ಕಂಡದ್ದು ರೋಗಿಯ ಹೃದಯದಲ್ಲಿ ಯಾವ ಕಡೆ ವಾಲುತ್ತದೆ ಅಂತ ಮೊದಲೇ ಹೇಳುವ ದಾರಿ ಆಗ ಯಾರಿಗೂ ಇರಲಿಲ್ಲ.

ತಡೆಯುವ ಅರ್ಧದಿಂದ ಒಳ್ಳೆಯದೂ ಹುಟ್ಟಿತು, ಅದನ್ನು ಮರೆಯಬಾರದು. 1958ರಲ್ಲಿ ಪೊವೆಲ್ ಮತ್ತು ಸ್ಲೇಟರ್, ಶ್ವಾಸನಾಳ ಸಡಿಲಿಸುವ ಔಷಧ ಹುಡುಕುತ್ತಾ ಐಸೊಪ್ರಿನಲಿನ್‌ನ ಎರಡು ಹೈಡ್ರಾಕ್ಸಿಲ್ ಜಾಗಕ್ಕೆ ಕ್ಲೋರಿನ್ ಹಾಕಿದ ಡೈಕ್ಲೋರೊಐಸೊಪ್ರಿನಲಿನ್ ಅನ್ನು ಪರೀಕ್ಷಿಸಿದರು. ಅದು ಸಡಿಲಿಸುವ ಬದಲು ಬೇರೆ ಔಷಧ ಸಡಿಲಿಸುವುದನ್ನೇ ತಡೆಯಿತು. ಮೊದಲ ಬೀಟಾ ಬ್ಲಾಕರ್ ಅದು. ಆದರೆ ಹೃದಯದಲ್ಲಿ ಅದಕ್ಕೆ ಚುರುಕು ಮಾಡುವ ಗುಣವೂ ಉಳಿದಿತ್ತು, ಅಂದರೆ ಅದೂ ಪಾರ್ಷಿಯಲ್ ಅಗೋನಿಸ್ಟ್. ಎದೆನೋವಿನ ರೋಗಿಗೆ ಹೃದಯ ಚುರುಕು ಮಾಡುವ ಔಷಧ ಕೊಡುವ ಹಾಗಿಲ್ಲ. ಜೇಮ್ಸ್ ಬ್ಲ್ಯಾಕ್ ಮತ್ತು ಅವರ ತಂಡ ಕ್ಲೋರಿನ್ ತೆಗೆದು ಇಂಗಾಲದ ಇನ್ನೊಂದು ಉಂಗುರ ಜೋಡಿಸಿ ಪ್ರೊನೆಥಲಾಲ್ ಮಾಡಿದರು. ಅದು ಸುಂಡಿಲಿಗಳಲ್ಲಿ ಗಡ್ಡೆ ಬರಿಸಿದ್ದರಿಂದ ಕೈಬಿಟ್ಟು ಪ್ರೊಪ್ರನೊಲಾಲ್‌ಗೆ ಹೋದರು, ಅದರಲ್ಲಿ ಚುರುಕಿನ ಗುಣ ಇಲ್ಲ. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು.

ಚುರುಕಿನ ಆ ಗುಣವನ್ನು ಉಳಿಸಿಕೊಂಡ ಬೀಟಾ ಬ್ಲಾಕರ್‌ಗಳಲ್ಲಿ ಪಿಂಡೊಲಾಲ್ ಒಂದು. ವ್ಯಾಯಾಮ ಮಾಡುವಾಗ ಅಡ್ರಿನಲಿನ್ ಜಾಸ್ತಿ ಇರುತ್ತದೆ, ಆಗ ಇದು ಬಡಿತ ಇಳಿಸುತ್ತದೆ. ನಿದ್ದೆಯಲ್ಲಿ ಅಡ್ರಿನಲಿನ್ ಕಡಿಮೆ, ಆಗ ಬಡಿತ ಇಳಿಯುವುದಿಲ್ಲ, ಸ್ವಲ್ಪ ಏರಲೂಬಹುದು. ಪ್ರಯೋಗಶಾಲೆಯಲ್ಲಿ ಇದನ್ನು ತೋರಿಸಲು ಇಲಿಗೆ ಮೊದಲು ರೆಸರ್ಪಿನ್ ಕೊಟ್ಟು ನರದ ತುದಿಯಲ್ಲಿರುವ ನಾರ್‌ಅಡ್ರಿನಲಿನ್ ದಾಸ್ತಾನನ್ನೆಲ್ಲ ಖಾಲಿ ಮಾಡುತ್ತಾರೆ. ಆಮೇಲೆ ಪಿಂಡೊಲಾಲ್ ಕೊಟ್ಟರೆ ಬಡಿತ ಏರುತ್ತದೆ, ಪ್ರೊಪ್ರನೊಲಾಲ್ ಕೊಟ್ಟರೆ ಏರುವುದಿಲ್ಲ. ದಾಸ್ತಾನು ತುಂಬಿರುವ ಇಲಿಯಲ್ಲಿ ಈ ವ್ಯತ್ಯಾಸ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಶ್ವಾಸನಾಳದ ಮಾತು ಬೇಗ ಮುಗಿಸುತ್ತೇನೆ. ಅಸ್ತಮಾದವರು ಸೇದುವ ಸಾಲ್ಬುಟಮಾಲ್ ಕೂಡ ಬೀಟಾ-2 ಮೇಲೆ ಪಾರ್ಷಿಯಲ್ ಅಗೋನಿಸ್ಟೇ. ಶ್ವಾಸನಾಳದ ಸ್ನಾಯುವಿನಲ್ಲಿ ಹೆಚ್ಚುವರಿ ರಿಸೆಪ್ಟರ್ ಇರುವುದರಿಂದ ಸಾಮಾನ್ಯವಾಗಿ ಪೂರ್ತಿ ಕೆಲಸ ಮಾಡುತ್ತದೆ. ಆದರೆ ಪ್ರಯೋಗದಲ್ಲಿ ಅದೇ ಸ್ನಾಯುವನ್ನು ಕಾರ್ಬಕಾಲ್ ಹಾಕಿ ತುಂಬಾ ಬಿಗಿಯಾಗಿ ಸಂಕುಚಿಸಿದರೆ ಸಾಲ್ಬುಟಮಾಲ್‌ಗೆ ಪೂರ್ತಿ ಸಡಿಲಿಸಲು ಆಗುವುದಿಲ್ಲ, ಐಸೊಪ್ರಿನಲಿನ್ ಅದಕ್ಕಿಂತ ಹೆಚ್ಚು ಸಡಿಲಿಸುತ್ತದೆ. ಇಲ್ಲಿ ಅಂಗಾಂಶವೂ ಅದೇ, ರಿಸೆಪ್ಟರ್‌ಗಳ ಸಂಖ್ಯೆಯೂ ಅದೇ, ಎದುರಿಗೆ ನಿಂತ ಬಲ ಮಾತ್ರ ಬದಲಾಯಿತು.

ಇನ್ನು ರಿಸೆಪ್ಟರ್ ಒಳಗೆ ಏನು ನಡೆಯುತ್ತದೆ? ಇದಕ್ಕೆ ಉತ್ತರ ಬಂದದ್ದು ಟರ್ಕಿ ಕೋಳಿಯಿಂದ. ಅದರ ಬೀಟಾ-1 ರಿಸೆಪ್ಟರ್ ಅನ್ನು ಗಟ್ಟಿ ಮಾಡಿ ಹರಳಾಗಿಸಿ, 2011ರಲ್ಲಿ ವಾರ್ನ್ ಮತ್ತು ಸಂಗಡಿಗರು ಬೇರೆ ಬೇರೆ ಔಷಧ ಕೂತಾಗಿನ ಆಕಾರ ನೋಡಿದರು. ಔಷಧ ಕೂರುವ ಗೂಡಿನ ಒಂದು ಗೋಡೆಯಲ್ಲಿ ಸೆರೀನ್ ಅನ್ನುವ ಅಮೈನೋ ಆಮ್ಲ ಎರಡು ಕಡೆ ಇದೆ. ಐಸೊಪ್ರಿನಲಿನ್ ಎರಡನ್ನೂ ಹೈಡ್ರೋಜನ್ ಬಂಧದಿಂದ ಹಿಡಿಯುತ್ತದೆ. ಪಾರ್ಷಿಯಲ್ ಅಗೋನಿಸ್ಟ್‌ಗಳಾದ ಸಾಲ್ಬುಟಮಾಲ್ ಮತ್ತು ಡೊಬ್ಯುಟಮೀನ್ ಒಂದನ್ನು ಮಾತ್ರ ಹಿಡಿಯುತ್ತವೆ. ಅಗೋನಿಸ್ಟ್ ಕೂತಾಗ ಗೂಡು ಕುಗ್ಗುವುದು ಸುಮಾರು 1 ಆಂಗ್‌ಸ್ಟ್ರಾಮ್, ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಒಂದು ಹಿಡಿತ ಕಡಿಮೆ ಇರುವುದೇ ಎಬ್ಬಿಸುವ ಶಕ್ತಿ ಕಡಿಮೆಯಾಗಲು ಒಂದು ಕಾರಣ ಅನ್ನುವುದು ಅವರ ವಿವರಣೆ. ಹೃತ್ಕರ್ಣದ ದಾರದ ತುದಿಯಲ್ಲಿ ಕಂಡ ಎತ್ತರದ ವ್ಯತ್ಯಾಸಕ್ಕೆ ಒಂದು ಬೇರು ಇಲ್ಲಿದೆ. ಇನ್ನೊಂದು ಬೇರು ಅಂಗಾಂಶದಲ್ಲಿ ಇದೆ, ಅದು ಯಾವ ಹರಳಿನಲ್ಲೂ ಕಾಣುವುದಿಲ್ಲ.

ಪ್ರಶ್ನೆಗಳಲ್ಲಿ ಮೊದಲನೆಯದು ಒಬ್ಬ ವಿದ್ಯಾರ್ಥಿನಿಯದ್ದು: "ಹಾಗಾದ್ರೆ ಸರ್, ಪ್ರಾಣಿ ಅಂಗಾಂಶದ ಪ್ರಯೋಗ ನೋಡಿ ಮನುಷ್ಯರ ಬಗ್ಗೆ ಏನೂ ಹೇಳೋಕೆ ಆಗಲ್ವಾ?"

ಆಗುತ್ತದೆ ಅಮ್ಮಾ, ಆದರೆ ಯಾವ ಅಂಕಿಯನ್ನು ತೆಗೆದುಕೊಂಡು ಹೋಗಬೇಕು ಅಂತ ತಿಳಿದಿರಬೇಕು. "ಗಿನಿ ಪಿಗ್‌ನಲ್ಲಿ ಶೇ. 40 ಪರಿಣಾಮ" ಅನ್ನುವ ಅಂಕಿ ಗಿನಿ ಪಿಗ್‌ನ ಆ ಅಂಗಾಂಶಕ್ಕೆ ಸೇರಿದ್ದು, ಅದನ್ನು ಬೇರೆ ಕಡೆ ಒಯ್ಯಬಾರದು. ರಿಸೆಪ್ಟರ್ ಪ್ರೋಟೀನ್ ಒಂದೇ ಥರ ಇದ್ದರೆ ಔಷಧ ಅದಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅನ್ನುವ ಅಂಕಿಯನ್ನು ಒಯ್ಯಬಹುದು. ಅದೇ ರೀತಿ ಐಸೊಪ್ರಿನಲಿನ್‌ಗೆ ಹೋಲಿಸಿದರೆ ಎಬ್ಬಿಸುವ ಶಕ್ತಿ ಎಷ್ಟನೇ ಒಂದು ಭಾಗ ಅನ್ನುವ ಅನುಪಾತವನ್ನೂ ಒಯ್ಯಬಹುದು. ಆಗಲೇ ಹಾಕಿದ ಲೆಕ್ಕದಲ್ಲಿ ಮೂರು ಅಂಗಾಂಶದಲ್ಲೂ ಬದಲಾಗದೆ ಉಳಿದದ್ದು ಆ 20ಕ್ಕೆ 1, ನೆನಪಿದೆ ಅಲ್ವಾ? ಹೊಸ ಅಂಗಾಂಶದಲ್ಲಿ ಐಸೊಪ್ರಿನಲಿನ್ ಅನ್ನು ಅಳೆದರೆ ಆ ಅನುಪಾತದಿಂದ ಇನ್ನೊಂದು ಔಷಧ ಅಲ್ಲಿ ಏನು ಮಾಡಬಹುದು ಅಂತ ಸುಮಾರಾಗಿ ಊಹಿಸಬಹುದು. ಒಂದೇ ಅಂಗಾಂಶದಲ್ಲಿ ನೋಡಿ ನಿಲ್ಲಿಸಬಾರದು ಅನ್ನುವುದಷ್ಟೇ ನನ್ನ ಕೋರಿಕೆ.

ಎರಡನೆಯದು ಒಬ್ಬ ಪಶುವೈದ್ಯರದ್ದು. ಪ್ರಾಣಿಗಳಿಗೆ ಮಂಪರು ಬರಿಸುವ ಕ್ಸೈಲಝೀನ್ ಅನ್ನುವ ಔಷಧವನ್ನು ಕುದುರೆಗೆ ಕೊಡುವ ಪ್ರಮಾಣದ ಸುಮಾರು ಹತ್ತನೇ ಒಂದು ಭಾಗಕ್ಕೇ ದನಗಳು ಮಲಗಿಬಿಡುತ್ತವೆ, ಇದಕ್ಕೂ ಇದೇ ಕಾರಣವಾ ಅಂತ ಕೇಳಿದರು. ಕ್ಸೈಲಝೀನ್ ಕೆಲಸ ಮಾಡುವುದು ಆಲ್ಫಾ-2 ಮೇಲೆ, ಅದೂ ಪೂರ್ತಿ ಅಗೋನಿಸ್ಟ್ ಅಲ್ಲ. ರಕ್ತದಲ್ಲಿ ಔಷಧ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದರಲ್ಲಿ ಎರಡು ಪ್ರಾಣಿಗಳಿಗೂ ಅಷ್ಟು ದೊಡ್ಡ ವ್ಯತ್ಯಾಸ ಇಲ್ಲ, ಹತ್ತು ಪಟ್ಟಿನ ಅಂತರಕ್ಕೆ ಅದು ಸಾಲದು. ಹಾಗಾಗಿ ಕಾರಣವನ್ನು ಪ್ರಾಣಿಯ ನರಮಂಡಲದ ಒಳಗೆ, ರಿಸೆಪ್ಟರ್ ಮತ್ತು ಅದರ ಮುಂದಿನ ಜೋಡಣೆಯಲ್ಲೇ ಹುಡುಕಬೇಕು. ಅವರಿಗೆ ನಾನು ಹೇಳಿದ್ದು ಇಷ್ಟೇ: ನೀವು ದಿನಾ ಕೊಟ್ಟಿಗೆಯಲ್ಲಿ ನೋಡುತ್ತಿರುವುದು ಇವತ್ತಿನ ಉಪನ್ಯಾಸದ ಪ್ರಶ್ನೆಯನ್ನೇ, ಒಂದು ಅಂಗಾಂಶದ ಬದಲು ಇಡೀ ಪ್ರಾಣಿಯಲ್ಲಿ.